ರೂಟರ್ ಬದಲಾದ ಮೇಲೆ ಲಿನಕ್ಸ್ ಕಂಪ್ಯೂಟರಿಗೆ ಮಾತ್ರ ಇಂಟರ್ನೆಟ್ ಇಲ್ಲ, ಏಕೆ?

ಪ್ರಶ್ನೆ: ಸಾಗರದಲ್ಲಿ ನನ್ನದೊಂದು ಸಣ್ಣ ಡಿಟಿಪಿ ಮತ್ತು ಜೆರಾಕ್ಸ್ ಅಂಗಡಿ ಇದೆ. ಮೂರು ವರ್ಷಗಳ ಹಿಂದೆ ಪರಿಚಯದ ಹುಡುಗನೊಬ್ಬ ಹಳೆಯ ಕಂಪ್ಯೂಟರಿಗೆ ಲಿನಕ್ಸ್ ಮಿಂಟ್ ಹಾಕಿ, ಪ್ರಿಂಟರನ್ನೂ ಜೋಡಿಸಿಕೊಟ್ಟಿದ್ದ. ಈಗ ಅವನು ಊರಿನಲ್ಲಿಲ್ಲ. ಕಳೆದ ವಾರ ಇಂಟರ್ನೆಟ್ ಸಂಪರ್ಕ ಬದಲಿಸಿದೆವು, ಹೊಸ ರೂಟರ್ ಬಂತು. ಮೊಬೈಲುಗಳಲ್ಲಿ ಎಲ್ಲವೂ ಬರುತ್ತಿದೆ. ಕೇಬಲ್ ಹಾಕಿದ ಈ ಕಂಪ್ಯೂಟರಿನಲ್ಲಿ ಮಾತ್ರ ಏನೂ ತೆರೆಯುವುದಿಲ್ಲ, ಆದರೆ ಮೂಲೆಯ ಚಿಹ್ನೆ ಸಂಪರ್ಕ ಇದೆ ಎಂದೇ ತೋರಿಸುತ್ತದೆ. ಒಬ್ಬರು ಹೇಳಿದಂತೆ ರಿಸಾಲ್ವ್ ಡಾಟ್ ಕಾನ್ಫ್ ಎಂಬ ಕಡತದಲ್ಲಿ 8.8.8.8 ಎಂದು ಬರೆದೆ. ಕಂಪ್ಯೂಟರನ್ನು ಮತ್ತೆ ಶುರು ಮಾಡಿದಾಗ ನಾನು ಬರೆದದ್ದು ಮಾಯವಾಗಿತ್ತು. ಇನ್ನೊಬ್ಬರು ಲಿನಕ್ಸ್ ಕೆಟ್ಟಿದೆ, ಹೊಸದಾಗಿ ಹಾಕಬೇಕು ಎನ್ನುತ್ತಾರೆ. ಟರ್ಮಿನಲ್‌ನಲ್ಲಿ ಕಂಡದ್ದನ್ನು ಬರೆದು ಕಳುಹಿಸುತ್ತಿದ್ದೇನೆ. ಕಂಪ್ಯೂಟರಿನ ವಿಳಾಸ 192.168.1.50/24. ನನ್ನ ಮೊಬೈಲಿನ ವಿಳಾಸ 192.168.0.104. 8.8.8.8ಕ್ಕೆ ಪಿಂಗ್ ಮಾಡಿದರೆ ‘ಫ್ರಮ್ 192.168.1.50, ಡೆಸ್ಟಿನೇಶನ್ ಹೋಸ್ಟ್ ಅನ್‌ರೀಚಬಲ್’ ಎಂದು ಬರುತ್ತದೆ. ಗೂಗಲ್ ಹೆಸರಿಗೆ ಪಿಂಗ್ ಮಾಡಿದರೆ ‘ಟೆಂಪರರಿ ಫೇಲ್ಯೂರ್ ಇನ್ ನೇಮ್ ರೆಸಲ್ಯೂಶನ್’ ಎನ್ನುತ್ತದೆ. ನಿಜವಾಗಿಯೂ ಮತ್ತೆ ಹಾಕಲೇಬೇಕೆ?

ಉತ್ತರ: ಬೇಡ. ಲಿನಕ್ಸ್ ಕೆಟ್ಟಿಲ್ಲ, ಕೇಬಲ್ಲೂ ಕೆಟ್ಟಿಲ್ಲ. ನೀವು ಬರೆದು ಕಳುಹಿಸಿದ ನಾಲ್ಕು ಸಾಲುಗಳಲ್ಲೇ ಉತ್ತರ ಇದೆ. ನಿಮ್ಮ ಹಾಗೆ ಪರದೆಯ ಮೇಲೆ ಬಂದದ್ದನ್ನು ಅಕ್ಷರ ಬಿಡದೆ ಬರೆದು ಕಳುಹಿಸುವವರು ಅಪರೂಪ. ನನಗೆ ಬರುವ ಪತ್ರಗಳಲ್ಲಿ ಹೆಚ್ಚಿನವು ‘ನೆಟ್ ಬರುತ್ತಿಲ್ಲ, ಏನು ಮಾಡಲಿ’ ಎಂಬಲ್ಲಿಗೇ ಮುಗಿಯುತ್ತವೆ.

ಆದೇಶಗಳ ಬಗ್ಗೆ ಮೊದಲೇ ಒಂದು ಮಾತು. ಇಲ್ಲಿ ಅವುಗಳನ್ನು ಉಚ್ಚರಿಸುವಂತೆ ಕನ್ನಡದಲ್ಲಿ ಬರೆದಿದ್ದೇನೆ. ಟರ್ಮಿನಲ್‌ನಲ್ಲಿ ಅಂದರೆ ಆದೇಶ ಬರೆಯುವ ಕಿಟಕಿಯಲ್ಲಿ, ಇಂಗ್ಲಿಷಿನ ಸಣ್ಣ ಅಕ್ಷರಗಳಲ್ಲೇ ಟೈಪ್ ಮಾಡಬೇಕು. ‘ಐಪಿ ಎ’ ಎಂದರೆ ಐ ಮತ್ತು ಪಿ ಸೇರಿಸಿ ಬರೆದು, ಒಂದು ಜಾಗ ಬಿಟ್ಟು, ಎ. ಇದು ಕಂಪ್ಯೂಟರಿನ ವಿಳಾಸಗಳನ್ನು ತೋರಿಸುತ್ತದೆ. ‘ಐಪಿ ಆರ್’ ಹೊರಗೆ ಹೋಗುವ ದಾರಿಗಳನ್ನು ತೋರಿಸುತ್ತದೆ. ಇವೆರಡೂ ನೋಡುವ ಆದೇಶಗಳು, ಎಷ್ಟು ಸಲ ಕೊಟ್ಟರೂ ಏನೂ ಬದಲಾಗುವುದಿಲ್ಲ. ಹಳೆಯ ಪುಸ್ತಕಗಳಲ್ಲಿ ಇದೇ ಕೆಲಸಕ್ಕೆ ‘ಇಫ್‌ಕಾನ್ಫಿಗ್’ ಎಂದಿರುತ್ತದೆ. ಮಿಂಟ್‌ಗೆ ಆಧಾರವಾದ ಉಬುಂಟು ಎಂಬ ಲಿನಕ್ಸಿನ 18.04ನೇ ಆವೃತ್ತಿಯಿಂದ ಈಚೆಗೆ ಅದು ತಾನಾಗಿ ಬರುವುದಿಲ್ಲ, ಬರಲಿಲ್ಲವೆಂದು ಗಾಬರಿಯಾಗಬೇಡಿ.

ತೋಟಕ್ಕೆ ನೀರು ಬಾರದಿದ್ದರೆ ಏನು ಮಾಡುತ್ತೀರಿ? ಪೈಪಿನ ಜಾಡು ಹಿಡಿದು ನಡೆಯುತ್ತೀರಿ. ಇಲ್ಲಿಯವರೆಗೆ ನೀರಿದೆ, ಇಲ್ಲಿಂದಾಚೆ ಇಲ್ಲ ಎಂಬ ಜಾಗ ಸಿಕ್ಕರೆ ಅಲ್ಲೇ ಅಗೆಯುತ್ತೀರಿ. ಸಿಗುವ ಮುಂಚೆ ಗುದ್ದಲಿ ಹಿಡಿಯುವುದಿಲ್ಲ. ನೆಟ್‌ವರ್ಕ್ ಕೂಡ ಇಷ್ಟೇ. ಕೇಬಲ್ ಜೀವಂತವಾಗಿದೆಯೇ, ಕಂಪ್ಯೂಟರಿಗೆ ವಿಳಾಸ ಇದೆಯೇ, ರೂಟರ್ ಸಿಗುತ್ತದೆಯೇ, ರೂಟರಿನಾಚೆಯ ಲೋಕ ಸಿಗುತ್ತದೆಯೇ, ಹೆಸರು ಹೇಳಿದರೆ ವಿಳಾಸ ಸಿಗುತ್ತದೆಯೇ. ಈ ಕ್ರಮದಲ್ಲೇ ನಡೆಯಬೇಕು. ನಿಮಗೆ ಸಲಹೆ ಕೊಟ್ಟವರು ಕೊನೆಯ ಮೆಟ್ಟಿಲಿನಿಂದ ಶುರು ಮಾಡಿದರು, ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗೆ.

ನಿಮ್ಮ ಕಂಪ್ಯೂಟರನ್ನೇ ಹಿಡಿದು ನಡೆಯೋಣ.

‘ಐಪಿ ಎ’ ಕೊಟ್ಟಾಗ ಮೊದಲು ಬರುವ ‘ಎಲ್‌ಒ’ ಎಂಬುದನ್ನು ಬಿಟ್ಟುಬಿಡಿ. 127.0.0.1 ಎಂಬ ಅದರ ವಿಳಾಸ ಕಂಪ್ಯೂಟರ್ ತನ್ನೊಂದಿಗೆ ತಾನೇ ಮಾತಾಡಿಕೊಳ್ಳಲು ಇರುವುದು, ಎಲ್ಲ ಕಂಪ್ಯೂಟರುಗಳಲ್ಲೂ ಇರುತ್ತದೆ. ಅದರ ಕೆಳಗೆ ‘ಇಎನ್‌ಪಿ3ಎಸ್0’ ರೀತಿಯ ಒಂದು ಹೆಸರು ಇರುತ್ತದೆ. ನೋಡಲು ವಿಚಿತ್ರ, ಆದರೆ ಅರ್ಥವಿಲ್ಲದ್ದಲ್ಲ. ಇಎನ್ ಎಂದರೆ ಈಥರ್ನೆಟ್, ಪಿ3 ಎಂದರೆ 3ನೇ ನಂಬರಿನ ಪಿಸಿಐ ಬಸ್ (ಕಂಪ್ಯೂಟರಿನೊಳಗೆ ಕಾರ್ಡುಗಳು ಜೋಡಣೆಯಾಗುವ ಹಾದಿ), ಎಸ್0 ಎಂದರೆ ಅದರ ಸೊನ್ನೆಯ ಸ್ಲಾಟ್. ವೈಫೈ ಕಾರ್ಡಿನ ಹೆಸರು ‘ಡಬ್ಲ್ಯೂಎಲ್’ ಎಂದು ಶುರುವಾಗುತ್ತದೆ. 2013ಕ್ಕೆ ಮುಂಚೆ ಇದನ್ನೆಲ್ಲ ಈಥ್0, ಈಥ್1 ಎಂದು ಕರೆಯುತ್ತಿದ್ದರು. ಎರಡು ಕಾರ್ಡುಗಳಿದ್ದರೆ ಮತ್ತೆ ಶುರು ಮಾಡಿದಾಗ ಹೆಸರುಗಳು ಅದಲು ಬದಲಾಗುವ ಪೀಡೆ ಇತ್ತು, ಆದ್ದರಿಂದ ಕಾರ್ಡು ಕೂತ ಜಾಗವನ್ನೇ ಹೆಸರು ಮಾಡಿದರು.

ಆ ಸಾಲಿನಲ್ಲಿ ‘ನೋ ಕ್ಯಾರಿಯರ್’ ಎಂದಿದ್ದರೆ ಕೇಬಲ್ ಸತ್ತಿದೆ ಅಥವಾ ಸರಿಯಾಗಿ ಕೂತಿಲ್ಲ ಎಂದರ್ಥ. ‘ಲೋಯರ್ ಅಪ್’ ಎಂದಿದ್ದರೆ ಆ ತುದಿಯಲ್ಲಿ ಯಾವುದೋ ಯಂತ್ರ ಎಚ್ಚರವಾಗಿದೆ. ಒಮ್ಮೆ ನಾನು ಡ್ರೈವರ್ ಕೆಟ್ಟಿದೆ ಎಂದು ಅರ್ಧ ರಾತ್ರಿ ಕಳೆದಿದ್ದೇನೆ. ಬೆಳಿಗ್ಗೆ ನೋಡಿದರೆ ಕೇಬಲ್ ತುದಿಯ ಪ್ಲಾಸ್ಟಿಕ್ ನಾಲಿಗೆ ಮುರಿದು ಅದು ಕೂದಲೆಳೆಯಷ್ಟು ಹಿಂದೆ ಸರಿದಿತ್ತು. ಅಂದಿನಿಂದ ಈ ಸಾಲನ್ನು ಓದದೆ ಮುಂದಕ್ಕೆ ಹೋಗುವುದಿಲ್ಲ. ನಿಮ್ಮ ಮೂಲೆಯ ಚಿಹ್ನೆ ಸಂಪರ್ಕ ಇದೆ ಎನ್ನುವುದರಿಂದ ಈ ಮೆಟ್ಟಿಲು ಸರಿಯಾಗಿದೆ. ಆದರೆ ಆ ಚಿಹ್ನೆಯನ್ನು ಅದಕ್ಕಿಂತ ಹೆಚ್ಚು ನಂಬಬೇಡಿ. ಕೇಬಲ್ಲಿನ ಆಚೆ ತುದಿಯಲ್ಲಿ ಯಾವುದೋ ಯಂತ್ರ ಇದೆ ಎಂದಷ್ಟೇ ಅದು ಹೇಳುತ್ತಿದೆ.

ಈಗ ವಿಳಾಸ. ಕಂಪ್ಯೂಟರಿನದು 192.168.1.50, ಮೊಬೈಲಿನದು 192.168.0.104. ಮೂರನೆಯ ಅಂಕಿಯನ್ನು ನೋಡಿ. ಒಂದರಲ್ಲಿ 1, ಇನ್ನೊಂದರಲ್ಲಿ 0. ವಿಳಾಸದ ಬಾಲದಲ್ಲಿರುವ /24 ಎಂದರೆ ಮೊದಲ ಮೂರು ಅಂಕಿಗಳು ಬೀದಿಯ ಹೆಸರು, ಕೊನೆಯದು ಮನೆಯ ನಂಬರು. ನಿಮ್ಮ ಮೊಬೈಲ್ ಮತ್ತು ಹೊಸ ರೂಟರ್ ಒಂದು ಬೀದಿಯಲ್ಲಿವೆ. ಕಂಪ್ಯೂಟರ್ ತಾನಿನ್ನೂ ಹಳೆಯ ಬೀದಿಯಲ್ಲೇ ಇದ್ದೇನೆಂದು ತಿಳಿದಿದೆ, ಆ ಬೀದಿಯೇ ಈಗ ಇಲ್ಲ.

ಹೀಗಾದದ್ದು ಹೇಗೆ? ಸಾಮಾನ್ಯವಾಗಿ ವಿಳಾಸ ಕೊಡುವುದು ರೂಟರಿನ ಕೆಲಸ. ಕಂಪ್ಯೂಟರ್ ಎದ್ದ ಕೂಡಲೇ ‘ನನಗೊಂದು ವಿಳಾಸ ಕೊಡಿ’ ಎಂದು ಕೂಗುತ್ತದೆ, ರೂಟರ್ ಕೊಡುತ್ತದೆ. ಈ ಪದ್ಧತಿಯ ಹೆಸರು ಡಿಎಚ್‌ಸಿಪಿ. ಮೊಬೈಲುಗಳೆಲ್ಲ ಹೀಗೆ ಕೇಳಿ ಪಡೆದವು, ಅದಕ್ಕೇ ರೂಟರ್ ಬದಲಾದದ್ದು ಅವುಗಳಿಗೆ ತಿಳಿಯಲೇ ಇಲ್ಲ. ನಿಮ್ಮ ಕಂಪ್ಯೂಟರ್ ಕೇಳುತ್ತಲೇ ಇಲ್ಲ, ಏಕೆಂದರೆ ಆ ಹುಡುಗ ಮೂರು ವರ್ಷಗಳ ಹಿಂದೆ ಅದಕ್ಕೊಂದು ಕಾಯಂ ವಿಳಾಸ ಬರೆದಿಟ್ಟಿರಬೇಕು. ಅವನದು ತಪ್ಪಲ್ಲ. ಅಂಗಡಿಯಲ್ಲಿ ಪ್ರಿಂಟರ್ ಹಂಚಿಕೊಳ್ಳುವಾಗ ವಿಳಾಸ ದಿನಕ್ಕೊಂದಾದರೆ ಕಷ್ಟ. ನಂಬರ್ 50 ಎಂಬ ಗುಂಡು ಅಂಕಿಯೇ ಯಾರೋ ಕೈಯಿಂದ ಬರೆದದ್ದೆಂಬ ಗುಮಾನಿ ಹುಟ್ಟಿಸುತ್ತದೆ. ಹಳೆಯ ರೂಟರ್ 192.168.1.1 ಆಗಿತ್ತು, ಹೊಸದು 192.168.0.1 ಇರಬೇಕು. ಯಾವ ಮನೆಯ ರೂಟರ್ ನೋಡಿದರೂ ಇಂಥದೇ ಅಂಕಿಗಳು ಏಕೆಂದರೆ, 1996ರ ಆರ್‌ಎಫ್‌ಸಿ 1918 ಎಂಬ ದಾಖಲೆ 192.168 ಎಂದು ಶುರುವಾಗುವ ವಿಳಾಸಗಳನ್ನೂ 10ರಿಂದ ಶುರುವಾಗುವವನ್ನೂ 172.16ರಿಂದ 172.31ರವರೆಗಿನವನ್ನೂ ಮನೆ, ಕಚೇರಿಗಳ ಒಳಬಳಕೆಗೆಂದು ಬಿಟ್ಟುಕೊಟ್ಟಿದೆ. ಆದರೆ ಮೂರನೆಯ ಅಂಕಿ ಏನಿರಬೇಕೆಂಬುದು ರೂಟರ್ ತಯಾರಿಸಿದವರ ಇಷ್ಟ.

ನಿಮ್ಮ ಪಿಂಗ್ ಸಂದೇಶ ಇದನ್ನೇ ಇನ್ನೂ ಸ್ಪಷ್ಟವಾಗಿ ಹೇಳಿದೆ. ಪಿಂಗ್ ಎಂದರೆ ಒಂದು ವಿಳಾಸಕ್ಕೆ ಪುಟ್ಟ ಕಾಗದ ಕಳುಹಿಸಿ, ಮರುಟಪಾಲು ಬರುತ್ತದೆಯೇ ಎಂದು ನೋಡುವ ಆದೇಶ. ಈ ಸಂದೇಶಗಳ ಬಳಿ ಸ್ವಲ್ಪ ಹೊತ್ತು ನಿಲ್ಲಬೇಕು, ಏಕೆಂದರೆ ಹೊಸಬರು ಇವೆಲ್ಲವನ್ನೂ ‘ಏನೋ ಎರರ್’ ಎಂದು ಒಂದೇ ಮೂಟೆಗೆ ಕಟ್ಟುತ್ತಾರೆ. ‘ಡೆಸ್ಟಿನೇಶನ್ ಹೋಸ್ಟ್ ಅನ್‌ರೀಚಬಲ್’ ಎಂಬುದಕ್ಕಿಂತ ಅದರ ಮೊದಲಿನ ‘ಫ್ರಮ್ 192.168.1.50’ ಮುಖ್ಯ. ಇದು ಯಾರ ವಿಳಾಸ? ನಿಮ್ಮದೇ ಕಂಪ್ಯೂಟರಿನದು. ಅಂದರೆ ಆ ದೂರು ಹೊರಗಿನಿಂದ ಬಂದದ್ದಲ್ಲ. 8.8.8.8ಕ್ಕೆ ಹೋಗಲು ಕಂಪ್ಯೂಟರ್ ತನ್ನ ಪಟ್ಟಿಯಲ್ಲಿದ್ದ ಹೆಬ್ಬಾಗಿಲು, ಅಂದರೆ ಹಳೆಯ ರೂಟರ್ 192.168.1.1 ಅನ್ನು ಹುಡುಕಿತು, ‘ಇಲ್ಲಿ 192.168.1.1 ಯಾರು’ ಎಂದು ಕೇಬಲ್ಲಿನಲ್ಲಿ ಕೂಗಿತು, ಯಾರೂ ಓಗೊಡಲಿಲ್ಲ, ಹಾಗಾಗಿ ತನಗೆ ತಾನೇ ವರದಿ ಬರೆದುಕೊಂಡಿತು. ಕಾಗದ ಮನೆಯ ಹೊಸ್ತಿಲನ್ನೇ ದಾಟಿಲ್ಲ. ‘ಐಪಿ ಆರ್’ ಕೊಟ್ಟು ನೋಡಿ, ‘ಡಿಫಾಲ್ಟ್ ವಯಾ 192.168.1.1’ ಎಂಬ ಸಾಲು ಕಾಣಬೇಕು. ಅದೇ ಇಲ್ಲದ ಬಾಗಿಲು.

ಅದೇ ಜಾಗದಲ್ಲಿ ‘ನೆಟ್‌ವರ್ಕ್ ಈಸ್ ಅನ್‌ರೀಚಬಲ್’ ಎಂದು ಬಂದಿದ್ದರೆ ಕಥೆ ಬೇರೆ. ಆಗ ಹೆಬ್ಬಾಗಿಲು ಯಾವುದೆಂಬುದೇ ಕಂಪ್ಯೂಟರಿಗೆ ಗೊತ್ತಿಲ್ಲ, ‘ಡಿಫಾಲ್ಟ್’ ಸಾಲೇ ಇರುವುದಿಲ್ಲ, ಹೆಚ್ಚಾಗಿ ವಿಳಾಸವೂ ಇರುವುದಿಲ್ಲ. ಯಾವ ದೂರೂ ಇಲ್ಲದೆ ಬರೀ ಮೌನ, ಕಡೆಗೆ ನೂರಕ್ಕೆ ನೂರು ಪ್ಯಾಕೆಟ್ ನಷ್ಟ ಎಂದು ಬಂದರೆ, ಕಾಗದ ಮನೆ ಬಿಟ್ಟು ಹೋಗಿದೆ, ಮರುಟಪಾಲು ಬಂದಿಲ್ಲ. ರೂಟರಿನಾಚೆಗೆ ತೊಂದರೆ ಇರಬಹುದು, ಅಥವಾ ಆ ಕಡೆಯವರು ಪಿಂಗಿಗೆ ಉತ್ತರ ಕೊಡದಂತೆ ಮಾಡಿಕೊಂಡಿರಬಹುದು. ಕೆಲವು ರೂಟರುಗಳೇ ಹಾಗಿರುತ್ತವೆ, ಆದ್ದರಿಂದ ಮೌನವನ್ನು ಕಂಡ ತಕ್ಷಣ ಸಾವೆಂದು ಬರೆದುಕೊಳ್ಳಬೇಡಿ. ಲಿನಕ್ಸಿನಲ್ಲಿ ಪಿಂಗ್ ವಿಂಡೋಸಿನಂತೆ ನಾಲ್ಕಕ್ಕೆ ನಿಲ್ಲುವುದಿಲ್ಲ, ಕಂಟ್ರೋಲ್ ಮತ್ತು ಸಿ ಒತ್ತುವ ತನಕ ಓಡುತ್ತಲೇ ಇರುತ್ತದೆ. 1983ರ ಡಿಸೆಂಬರಿನಲ್ಲಿ ಅಮೆರಿಕದ ಮೈಕ್ ಮ್ಯೂಸ್ ತಮ್ಮ ನೆಟ್‌ವರ್ಕಿನ ಇಂಥದೇ ಒಂದು ತೊಂದರೆಯ ನಡುವೆ ಇದನ್ನು ಬರೆದರು. ಜಲಾಂತರ್ಗಾಮಿಗಳ ಸೋನಾರ್ ಸದ್ದಿನಿಂದ ಆ ಹೆಸರು ಬಂತು.

ಇನ್ನು ನಿಮ್ಮ ಸಲಹೆಗಾರರನ್ನು ದಾರಿ ತಪ್ಪಿಸಿದ ‘ಟೆಂಪರರಿ ಫೇಲ್ಯೂರ್ ಇನ್ ನೇಮ್ ರೆಸಲ್ಯೂಶನ್’. ಹೆಸರನ್ನು ವಿಳಾಸಕ್ಕೆ ತಿರುಗಿಸಲು ಆಗಲಿಲ್ಲ ಎಂಬುದಷ್ಟೇ ಅದರ ಅರ್ಥ. ಹೆಸರು ಹೇಳುವ ಸರ್ವರ್, ಅಂದರೆ ಡಿಎನ್‌ಎಸ್, ಕೆಟ್ಟಿದ್ದರೂ ಹಾಗೆನ್ನುತ್ತದೆ. ಸರ್ವರಿನವರೆಗೆ ಹೋಗಲು ದಾರಿಯೇ ಇಲ್ಲದಿದ್ದರೂ ಹಾಗೆಯೇ ಎನ್ನುತ್ತದೆ. ಅಂಕಿಯ ವಿಳಾಸಕ್ಕೆ ಪಿಂಗ್ ಹೋಗಿ ಹೆಸರಿಗೆ ಮಾತ್ರ ಹೋಗದಿದ್ದರೆ ಡಿಎನ್‌ಎಸ್ ಕಡೆ ಬೆರಳು ತೋರಿಸಬಹುದು. ನಿಮ್ಮಲ್ಲಿ ಎರಡೂ ಹೋಗುತ್ತಿಲ್ಲ. 8.8.8.8 ಗೂಗಲ್ ನಡೆಸುವ ಡಿಎನ್‌ಎಸ್ ನಿಜ, ಆದರೆ ಅಲ್ಲಿಗೆ ತಲುಪಲಾರದ ಕಂಪ್ಯೂಟರಿಗೆ ಅದರ ವಿಳಾಸ ಬರೆದುಕೊಟ್ಟು ಏನು ಪ್ರಯೋಜನ?

ನೀವು ಬರೆದದ್ದು ಮಾಯವಾದದ್ದಕ್ಕೂ ಕಾರಣ ಇದೆ. ಈಗಿನ ಉಬುಂಟು, ಮಿಂಟ್‌ಗಳಲ್ಲಿ ಆ ರಿಸಾಲ್ವ್ ಡಾಟ್ ಕಾನ್ಫ್ ನಿಜವಾದ ಕಡತವಲ್ಲ, ಬೇರೆ ಕಡೆ ಇರುವುದಕ್ಕೆ ಕೊಟ್ಟ ಕೊಂಡಿ. ಸಿಸ್ಟಮ್‌ಡಿ ರಿಸಾಲ್ವ್‌ಡಿ ಎಂಬ ಸೇವೆ ಅದನ್ನು ತಾನೇ ಬರೆಯುತ್ತದೆ, ಪ್ರತಿ ಸಲವೂ ಹೊಸದಾಗಿ. ಒಳಗೆ 127.0.0.53 ಎಂಬ ಅಂಕಿ ಕಂಡರೆ ಅದು ದೋಷವಲ್ಲ, ಆ ಸೇವೆಯ ಮನೆವಿಳಾಸ. ಕಡತದ ತಲೆಯ ಮೇಲೆಯೇ ‘ಇದನ್ನು ತಿದ್ದಬೇಡಿ’ ಎಂದು ಇಂಗ್ಲಿಷಿನಲ್ಲಿ ಬರೆದಿರುತ್ತದೆ. ಯಾರೂ ಓದುವುದಿಲ್ಲ. ನಾನೂ ಮೊದಲ ಸಲ ಓದಿರಲಿಲ್ಲ.

ಈಗ ದುರಸ್ತಿ. ಮೂಲೆಯ ನೆಟ್‌ವರ್ಕ್ ಚಿಹ್ನೆಯಿಂದ ‘ನೆಟ್‌ವರ್ಕ್ ಕನೆಕ್ಷನ್ಸ್’ ತೆರೆಯಿರಿ. ‘ವಯರ್ಡ್ ಕನೆಕ್ಷನ್’ ಎಂಬುದನ್ನು ಆರಿಸಿ, ಕೆಳಗಿನ ಹಲ್ಲುಚಕ್ರದ ಗುರುತು ಒತ್ತಿ, ‘ಐಪಿವಿ4 ಸೆಟ್ಟಿಂಗ್ಸ್’ ಪುಟಕ್ಕೆ ಹೋಗಿ. ಅಲ್ಲಿ ಮೆಥಡ್ ಎಂಬಲ್ಲಿ ‘ಮ್ಯಾನ್ಯುಯಲ್’ ಎಂದಿರಬೇಕು, ಕೆಳಗೆ ಹಳೆಯ ವಿಳಾಸಗಳಿರಬೇಕು. ಮುಟ್ಟುವ ಮೊದಲು ಮೊಬೈಲಿನಲ್ಲಿ ಅದರ ಫೋಟೊ ತೆಗೆದುಕೊಳ್ಳಿ. ತಪ್ಪಿದರೆ ಹಿಂದಿರುಗಲು ಅದೊಂದೇ ದಾರಿ. ಆಮೇಲೆ ಮೆಥಡ್ ಅನ್ನು ‘ಆಟೊಮ್ಯಾಟಿಕ್ ಡಿಎಚ್‌ಸಿಪಿ’ ಮಾಡಿ. ವಿಳಾಸದ ಪಟ್ಟಿಯಲ್ಲೋ ಡಿಎನ್‌ಎಸ್ ಖಾನೆಯಲ್ಲೋ ಹಳೆಯ ಅಂಕಿಗಳು ಉಳಿದಿದ್ದರೆ ಅಳಿಸಿ, ಇಲ್ಲದಿದ್ದರೆ ಅವು ಹೊಸದರ ಜೊತೆ ಹೆಚ್ಚುವರಿಯಾಗಿ ಕೂತುಬಿಡುತ್ತವೆ. ಉಳಿಸಿ. ಇಷ್ಟಕ್ಕೇ ಜಾರಿಗೆ ಬರುವುದಿಲ್ಲ, ಸಂಪರ್ಕವನ್ನು ಒಮ್ಮೆ ಕಡಿದು ಮತ್ತೆ ಜೋಡಿಸಬೇಕು. ಬಹಳ ಜನ ಇಲ್ಲಿ ಎಡವಿ ‘ಬದಲಾಯಿಸಿದೆ, ಉಪಯೋಗವಾಗಲಿಲ್ಲ’ ಎನ್ನುತ್ತಾರೆ.

ಮತ್ತೆ ‘ಐಪಿ ಎ’ ಕೊಡಿ. ವಿಳಾಸ 192.168.0ರಿಂದ ಶುರುವಾಗಿ, ಅದೇ ಸಾಲಿನಲ್ಲಿ ‘ಡೈನಮಿಕ್’ ಎಂಬ ಮಾತು ಬಂದಿದ್ದರೆ ರೂಟರಿನಿಂದ ಕೇಳಿ ಪಡೆದದ್ದು ಎಂದರ್ಥ. ‘ಐಪಿ ಆರ್’ನಲ್ಲಿ ಹೆಬ್ಬಾಗಿಲು ಯಾವುದೆಂದು ನೋಡಿ, ಅದಕ್ಕೆ ಪಿಂಗ್, ನಂತರ 8.8.8.8ಕ್ಕೆ, ಕೊನೆಗೆ ಹೆಸರಿಗೆ. ಮೂರೂ ಹೋದರೆ ಬ್ರೌಸರ್ ತೆರೆಯಿರಿ.

ಅಷ್ಟರಲ್ಲಿ ಪ್ರಿಂಟರ್ ಕೈಕೊಡುವ ಸಾಧ್ಯತೆ ಇದೆ, ಈಗಲೇ ಹೇಳಿಬಿಡುತ್ತೇನೆ. ಅದು ಯುಎಸ್‌ಬಿ ತಂತಿಯಲ್ಲಿದ್ದರೆ ಚಿಂತೆಯಿಲ್ಲ. ನೆಟ್‌ವರ್ಕಿನಲ್ಲಿದ್ದರೆ ಹುಡುಗ ಅದಕ್ಕೂ ಹಳೆಯ ಬೀದಿಯ ಕಾಯಂ ವಿಳಾಸ ಕೊಟ್ಟಿರುತ್ತಾನೆ. ಪ್ರಿಂಟರಿನ ಗುಂಡಿಗಳಿಂದಲೇ ನೆಟ್‌ವರ್ಕ್ ವಿವರದ ಪುಟವೊಂದನ್ನು ಮುದ್ರಿಸಿಕೊಂಡು ನೋಡಿ. ಅದನ್ನೂ ಡಿಎಚ್‌ಸಿಪಿಗೆ ಬದಲಿಸಿ, ಕಂಪ್ಯೂಟರಿನ ಪ್ರಿಂಟರ್ ಪಟ್ಟಿಯಲ್ಲಿ ಹೊಸ ವಿಳಾಸ ಬರೆಯಬೇಕು. ಕಾಯಂ ವಿಳಾಸ ಬೇಕೇ ಬೇಕೆಂದರೆ ಅದನ್ನು ರೂಟರಿನೊಳಗೆ ಬರೆಯಿರಿ. ‘ಅಡ್ರೆಸ್ ರಿಸರ್ವೇಶನ್’ ಎಂಬ ಪುಟದಲ್ಲಿ ಇಂಥ ಯಂತ್ರಕ್ಕೆ ಇದೇ ವಿಳಾಸ ಎಂದು ಗುರುತು ಹಾಕಬಹುದು. ಆಗ ಲೆಕ್ಕವೆಲ್ಲ ಒಂದೇ ಕಡೆ ಇರುತ್ತದೆ, ಮುಂದಿನ ಸಲ ರೂಟರ್ ಬದಲಾದಾಗ ಯಾವ ಯಂತ್ರವೂ ಹಟ ಹಿಡಿಯುವುದಿಲ್ಲ.

ಇನ್ನೊಂದು ಅಡ್ಡದಾರಿಯೂ ಇದೆ. ಹೊಸ ರೂಟರಿನ ಒಳವಿಳಾಸವನ್ನೇ 192.168.1.1 ಎಂದು ಬದಲಿಸಿದರೆ ಕಂಪ್ಯೂಟರ್, ಪ್ರಿಂಟರ್ ಯಾವುದನ್ನೂ ಮುಟ್ಟಬೇಕಿಲ್ಲ, ಹಳೆಯ ಬೀದಿಯೇ ಮರಳಿ ಬಂದಂತೆ. ಹಟಮಾರಿ ಯಂತ್ರಗಳು ಐದಾರು ಇದ್ದರೆ ನಾನೂ ಇದನ್ನೇ ಮಾಡುತ್ತೇನೆ. ಆದರೆ ರೂಟರ್ ತಾನಾಗಿ ಹಂಚುವ ನಂಬರುಗಳಲ್ಲಿ 50 ಸೇರಿರಬಾರದು, ಸೇರಿದ್ದರೆ ಒಂದು ದಿನ ಯಾರದೋ ಮೊಬೈಲಿಗೂ ಅದೇ ವಿಳಾಸ ಸಿಕ್ಕಿ ಎರಡೂ ತಡವರಿಸುತ್ತವೆ. ಒಂದೇ ಕಂಪ್ಯೂಟರ್, ಒಂದೇ ಪ್ರಿಂಟರ್ ಇರುವ ನಿಮಗೆ ಮೊದಲಿನ ದಾರಿಯೇ ವಾಸಿ.

ಲಿನಕ್ಸನ್ನು ಮತ್ತೆ ಹಾಕಿದ್ದರೆ ಏನಾಗುತ್ತಿತ್ತು ಗೊತ್ತೇ? ಇಂಟರ್ನೆಟ್ ಬಂದೇ ಬರುತ್ತಿತ್ತು. ಹೊಸದಾಗಿ ಹಾಕಿದಾಗ ಕಾಯಂ ವಿಳಾಸ ಅಳಿಸಿಹೋಗಿ ಡಿಎಚ್‌ಸಿಪಿ ಬರುತ್ತದೆ. ನಿಮ್ಮ ಫಾಂಟುಗಳು, ಗಿರಾಕಿಗಳ ಕಡತಗಳು, ಪ್ರಿಂಟರ್ ಜೋಡಣೆ ಎಲ್ಲ ಹೋಗಿ, ‘ನೋಡಿ, ಲಿನಕ್ಸ್ ಕೆಟ್ಟಿತ್ತು’ ಎಂಬ ಮಾತು ಮಾತ್ರ ನಿಜವಾಗಿ ಉಳಿಯುತ್ತಿತ್ತು. ಯಾರಾದರೂ ಮತ್ತೆ ಹಾಕಿ ಎಂದರೆ ಮೊದಲು ಲಿನಕ್ಸ್ ಇರುವ ಪೆನ್‌ಡ್ರೈವಿನಿಂದ ಕಂಪ್ಯೂಟರ್ ಶುರು ಮಾಡಿ, ಏನನ್ನೂ ಹಾಕದೆ ಅಲ್ಲಿಂದಲೇ ಇಂಟರ್ನೆಟ್ ತೆರೆದು ನೋಡಿ. ಅಲ್ಲಿ ಬಂದರೆ ಯಂತ್ರ, ಕೇಬಲ್, ರೂಟರ್ ಮೂರೂ ಸರಿ, ದೋಷವಿರುವುದು ನಿಮ್ಮ ಸೆಟ್ಟಿಂಗಿನಲ್ಲಿ.

ಇದೇ ತೊಂದರೆಯ ಬೇರೆ ಮುಖಗಳು ಉಳಿದ ಓದುಗರಿಗೆ ಎದುರಾಗಬಹುದು. ವೈಫೈ ಕಾಣಿಸುತ್ತಲೇ ಇಲ್ಲವೆಂದರೆ ‘ಆರ್‌ಎಫ್‌ಕಿಲ್’ ಎಂಬ ಆದೇಶ ಕೊಡಿ. ‘ಹಾರ್ಡ್’ ಖಾನೆಯಲ್ಲಿ ‘ಬ್ಲಾಕ್ಡ್’ ಎಂದಿದ್ದರೆ ಲ್ಯಾಪ್‌ಟಾಪಿನ ಪಕ್ಕದ ಸ್ವಿಚ್ಚನ್ನೋ ಗುಂಡಿಯನ್ನೋ ಒತ್ತದೆ ಯಾವ ಆದೇಶವೂ ನಾಟುವುದಿಲ್ಲ. ವೈಫೈ ಕಾರ್ಡಿಗೆ ಅದನ್ನು ನಡೆಸುವ ತಂತ್ರಾಂಶವಾದ ಡ್ರೈವರೇ ಇಲ್ಲ, ಡ್ರೈವರ್ ಇಳಿಸಿಕೊಳ್ಳಲು ಇಂಟರ್ನೆಟ್ ಇಲ್ಲ ಎಂಬ ಇಕ್ಕಟ್ಟಿನಲ್ಲಿ ಆಂಡ್ರಾಯ್ಡ್ ಮೊಬೈಲನ್ನು ಯುಎಸ್‌ಬಿ ತಂತಿಯಿಂದ ಜೋಡಿಸಿ ‘ಯುಎಸ್‌ಬಿ ಟೆದರಿಂಗ್’ ಚಾಲೂ ಮಾಡಿ, ಸಾಮಾನ್ಯವಾಗಿ ಕಂಪ್ಯೂಟರ್ ಅದನ್ನು ಕೇಬಲ್ ಸಂಪರ್ಕವೆಂದೇ ಒಪ್ಪಿಕೊಳ್ಳುತ್ತದೆ. ಕೆಲವು ತಾಣಗಳು ತೆರೆದು ಕೆಲವು ತೆರೆಯದಿದ್ದರೆ ಐಪಿವಿ6 ಎಂಬ ಹೊಸ ಬಗೆಯ ವಿಳಾಸ ಒಂದೇ ಕೆಲಸ ಮಾಡುತ್ತಿರಬಹುದು. ಕಾಯಂ ಐಪಿವಿ4 ವಿಳಾಸ, ಅಂದರೆ ನಾವು ಈವರೆಗೆ ನೋಡಿದ ಬಗೆಯದು, ಹಳತಾಗಿ, ಐಪಿವಿ6 ಹೊಸ ರೂಟರಿನಿಂದ ಬಂದಾಗ ಹೀಗೆ ಅರ್ಧ ಲೋಕ ಮಾತ್ರ ಕಾಣುತ್ತದೆ.

ಕಡೆಯದು ನಿಮಗೂ ಬೇಕಾಗಬಹುದು, ನಿಮ್ಮದು ಹಳೆಯ ಕಂಪ್ಯೂಟರ್. ಪಿಂಗ್ ಎಲ್ಲ ಕಡೆ ಹೋಗುತ್ತದೆ, ಆದರೆ ಬ್ರೌಸರ್ ಪ್ರತಿ ತಾಣಕ್ಕೂ ‘ಸುರಕ್ಷಿತವಲ್ಲ’ ಎಂದು ಬಾಗಿಲು ಹಾಕುತ್ತದೆ ಎಂದುಕೊಳ್ಳಿ. ಆಗ ನೆಟ್‌ವರ್ಕನ್ನು ಬಿಟ್ಟು ಮೂಲೆಯ ಗಡಿಯಾರ ನೋಡಿ. ತಾಣಗಳ ಪ್ರಮಾಣಪತ್ರಕ್ಕೆ ಇಂಥ ದಿನದಿಂದ ಇಂಥ ದಿನದವರೆಗೆ ಎಂಬ ಅವಧಿ ಇರುತ್ತದೆ, ಕಂಪ್ಯೂಟರಿನ ತಾರೀಖು ಹತ್ತು ವರ್ಷ ಹಿಂದಿದ್ದರೆ ಅದಕ್ಕೆ ಎಲ್ಲ ಪತ್ರಗಳೂ ಸುಳ್ಳಾಗಿ ಕಾಣುತ್ತವೆ. ರಾತ್ರಿ ಕರೆಂಟ್ ತೆಗೆದು ಬೆಳಿಗ್ಗೆ ಹಾಕಿದಾಗಲೆಲ್ಲ ತಾರೀಖು ಹಿಂದಕ್ಕೆ ಓಡುತ್ತಿದ್ದರೆ ಮದರ್‌ಬೋರ್ಡಿನ ಮೇಲಿರುವ ನಾಣ್ಯದಂಥ ಬ್ಯಾಟರಿ ಮುಗಿದಿದೆ. ಹೆಚ್ಚಿನವುಗಳಲ್ಲಿ ಸಿಆರ್2032 ಎಂಬುದೇ ಇರುತ್ತದೆ, ವಾಚ್ ರಿಪೇರಿ ಅಂಗಡಿಯಲ್ಲೂ ಸಿಗುತ್ತದೆ.